ಕ್ರಯವೋ, ಗುತ್ತಿಗೆಯೋ?

ಮದ್ದೂರು, ಮಳವಳ್ಳಿಯ ಯಾವ ರೈತನನ್ನಾದರೂ ಕೇಳಿ. ಕ್ರಯಕ್ಕೂ ಗುತ್ತಿಗೆಗೂ ಏನು ವ್ಯತ್ಯಾಸವೆಂದು ಅರ್ಧ ನಿಮಿಷದಲ್ಲಿ ಹೇಳುತ್ತಾನೆ. ಪಹಣಿಯಲ್ಲಿ ಹೆಸರು ಬರುವವರೆಗೆ ತಾಲ್ಲೂಕು ಕಚೇರಿಗೆ ಅಲೆಯುವುದನ್ನೂ ಬಿಡುವುದಿಲ್ಲ. ನಾಲ್ಕಕ್ಷರ ಕಲಿತ ನಾವು ಮಾತ್ರ ಇ-ಪುಸ್ತಕದ ವಿಷಯದಲ್ಲಿ ಈ ಪ್ರಶ್ನೆಯನ್ನೇ ಕೇಳುವುದಿಲ್ಲ. ‘ಕೊಳ್ಳಿ’ ಎಂಬಲ್ಲಿ ಒತ್ತಿ, ಹಣ ಕಟ್ಟಿ, ಪುಸ್ತಕ ನಮ್ಮದಾಯಿತೆಂದು ನೆಮ್ಮದಿಯಾಗಿರುತ್ತೇವೆ.

ಆದರೆ ಅದು ನಮ್ಮದಾಗಿರುವುದಿಲ್ಲ. 2009ರಲ್ಲಿ ಅಮೆಜಾನ್ ಕಂಪನಿ ಜಾರ್ಜ್ ಆರ್ವೆಲ್‌ನ ಎರಡು ಕಾದಂಬರಿಗಳ ಪ್ರತಿಗಳನ್ನು, ಕೊಂಡವರ ಕಿಂಡಲ್‌ನೊಳಗಿಂದಲೇ ಅಳಿಸಿಹಾಕಿತು. ಹಾಕಿದವರಿಗೆ ಮಾರುವ ಹಕ್ಕಿರಲಿಲ್ಲ ಎಂಬುದು ಕಾರಣ. ಹಣ ವಾಪಸು ಬಂತು, ಕ್ಷಮಾಪಣೆಯೂ ಬಂತು. ಆದರೆ ಅಂಗಡಿಯವನು ಮನೆಯೊಳಗೆ ನುಗ್ಗಿ ಬೀರುವಿನಿಂದ ಪುಸ್ತಕ ಎತ್ತಿಕೊಂಡು ಹೋಗಬಲ್ಲ ಎಂಬುದಂತೂ ಗೊತ್ತಾಯಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕದಂಗಡಿ ಮುಚ್ಚಿದಾಗ, ಅದುವರೆಗೆ ಮಾರಿದ್ದ ಪುಸ್ತಕಗಳೂ ತೆರೆಯದಾದವು. 2025ರ ಫೆಬ್ರವರಿ 26ರಂದು, ಕೊಂಡ ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ತಂತಿಯ ಮೂಲಕ ಸಾಗಿಸುವ ಹಳೆಯ ದಾರಿಯನ್ನು ಅಮೆಜಾನ್ ಮುಚ್ಚಿತು. ಇದನ್ನು ಕ್ರಯವೆಂದು ಹೇಗೆ ಕರೆಯೋಣ? ಇದು ಗುತ್ತಿಗೆ. ಅದೂ ಒಡೆಯನ ಮರ್ಜಿಯ ಗುತ್ತಿಗೆ.

ಕನ್ನಡದವರಿಗಂತೂ ಬಾಗಿಲೇ ತೆರೆಯಲಿಲ್ಲ. 2016ರ ಡಿಸೆಂಬರಿನಲ್ಲಿ ಕಿಂಡಲ್ ಅಂಗಡಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳು ಬಂದವು, ಕನ್ನಡ ಹೊರಗೇ ನಿಂತಿತು. ನಮ್ಮವರು ಮೈಲ್ಯಾಂಗ್‌ನಂಥ ಆ್ಯಪ್ ಕಟ್ಟಿ ಕನ್ನಡ ಇ-ಪುಸ್ತಕಗಳನ್ನು ಓದುಗರಿಗೆ ತಲುಪಿಸಿದ್ದು ಮೆಚ್ಚತಕ್ಕ ಕೆಲಸ. ಆದರೆ ಯಾರದೇ ಆ್ಯಪ್ ಆಗಲಿ, ಅದರೊಳಗಷ್ಟೇ ತೆರೆಯುವ ಪುಸ್ತಕಕ್ಕೆ ಆ ಆ್ಯಪಿನಷ್ಟೇ ಆಯುಸ್ಸು.

‘ಓದಿದರಾಯಿತು, ಕೂಡಿಟ್ಟು ಏನು ಮಾಡಬೇಕು?’ ಎನ್ನುವವರುಂಟು. ಹೆಣ್ಣುಮಕ್ಕಳು ಹಾಗೆನ್ನಬಾರದು. ತ್ರಿವೇಣಿಯವರ ಕಾದಂಬರಿಗಳು ನಮ್ಮ ಊರುಗಳಲ್ಲಿ ಹರಡಿದ್ದು ಹೇಗೆ? ಪಕ್ಕದ ಮನೆಯಿಂದ ಪಕ್ಕದ ಮನೆಗೆ, ಅಕ್ಕನಿಂದ ತಂಗಿಗೆ, ರಟ್ಟು ಕಿತ್ತುಹೋಗುವವರೆಗೆ ಕೈ ಬದಲಾಯಿಸುತ್ತ. ಬೀಗ ಹಾಕಿದ ಇ-ಪುಸ್ತಕವನ್ನು ಹಾಗೆ ಎರವಲು ಕೊಡಲಾಗದು, ಸೊಸೆಗೆ ಬಿಟ್ಟುಹೋಗಲೂ ಆಗದು. ಮನೆ, ಜಮೀನು ಹೇಗೂ ನಮ್ಮ ಹೆಸರಿನಲ್ಲಿರುವುದು ಅಪರೂಪ. ಪುಸ್ತಕವಾದರೂ ಇರಬೇಡವೇ?

ನಾನು ಯಂತ್ರದ ವಿರೋಧಿಯಲ್ಲ. ಚಾಳೀಸು ಬಂದ ಕಣ್ಣಿಗೆ ಅಕ್ಷರ ದೊಡ್ಡದು ಮಾಡಿಕೊಡುವ, ನೂರಾರು ಪುಸ್ತಕವನ್ನು ವ್ಯಾನಿಟಿ ಬ್ಯಾಗಿಗೆ ತುಂಬುವ ಸಾಧನ ದೊಡ್ಡ ಉಪಕಾರಿ. ನನ್ನ ತಕರಾರು ಬೀಗದ ಮೇಲೆ. ಬೀಗವಿಲ್ಲದ ಇ-ಪಬ್ ಕಡತ ಸಿಗುವಲ್ಲಿ ಅದನ್ನೇ ಕೊಳ್ಳಿ. ಕಂಪ್ಯೂಟರಿನಲ್ಲಿ ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶ ಹಾಕಿಸಿಕೊಳ್ಳಿ. ಅದನ್ನು ರೂಪಿಸಿದವರು ಭಾರತದವರೇ ಆದ ಕೋವಿದ್ ಗೋಯಲ್. ಲೇಖಕಿಯ ಹೆಸರನ್ನು ಎಲ್ಲ ಕಡೆ ಒಂದೇ ರೀತಿ ಬರೆಯಿರಿ. ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ ಬರೆದರೆ ಒಬ್ಬಳೇ ಲೇಖಕಿ ಇಬ್ಬರಾಗಿಬಿಡುತ್ತಾಳೆ. ಒಂದು ಪ್ರತಿ ಪೆನ್ ಡ್ರೈವಿನಲ್ಲಿರಲಿ, ಪಟ್ಟಿ ನೋಟುಬುಕ್ಕಿನಲ್ಲಿರಲಿ.

ಇನ್ನು ಪ್ರಕಾಶಕರಿಗೂ ಗ್ರಂಥಾಲಯದವರಿಗೂ ಒಂದು ಮಾತು. ನಮ್ಮಲ್ಲಿ ಗ್ರಂಥಸ್ವಾಮ್ಯ ಲೇಖಕರು ತೀರಿಕೊಂಡ ವರ್ಷ ಕಳೆದ ಮೇಲೆ 60 ವರ್ಷ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರ ಜನವರಿಯಿಂದ ಎಲ್ಲರ ಸ್ವತ್ತು. ಆದರೆ ಹಳೆಯ ಪುಸ್ತಕದ ಪುಟಗಳ ಫೋಟೋ ಹೊಡೆದು ಪಿಡಿಎಫ್ ಮಾಡಿಬಿಟ್ಟರೆ, ಆರಂಗುಲದ ತೆರೆಯಲ್ಲಿ ಅಕ್ಷರ ಸಾಸಿವೆ ಕಾಳಾಗುತ್ತದೆ. ಹಿಗ್ಗಿಸಿದರೆ ಸಾಲು ಅಂಚಿನಾಚೆಗೆ ಓಡುತ್ತದೆ. ಯೂನಿಕೋಡಿನಲ್ಲಿ ಅಚ್ಚುಕಟ್ಟಾಗಿ ಬೆರಳಚ್ಚು ಮಾಡಿಸಿ, ಬೀಗವಿಲ್ಲದೆ ಕೊಡಿ. ಬೆಲೆ ಇಟ್ಟರೆ ಕೊಟ್ಟೇ ಕೊಳ್ಳುತ್ತೇವೆ.

ಬೀರು ನಮ್ಮದು, ದುಡ್ಡು ನಮ್ಮದು. ಬೀಗದ ಕೈಯೂ ನಮ್ಮ ಸೊಂಟದಲ್ಲೇ ಇರಬೇಕು.