ದೋರನಹಳ್ಳಿಯ ಹರಕೆಯೂ ‘ಆಮಿಷ’ವೆಂಬ ಪದವೂ

ಕರಾವಳಿಯ ಓದುಗರಿಗೆ ಕಾರ್ಕಳದ ಅತ್ತೂರನ್ನು ಪರಿಚಯಿಸಬೇಕಾಗಿಲ್ಲ. ಜನವರಿಯ ಸಾಂತ್‌ಮಾರಿ ಜಾತ್ರೆಯಲ್ಲಿ ಸಂತ ಲಾರೆನ್ಸರ ಮುಂದೆ ಮೇಣದಬತ್ತಿ ಹಚ್ಚುವವರಲ್ಲಿ ಕ್ರೈಸ್ತರೆಷ್ಟು, ಇತರರೆಷ್ಟು ಎಂದು ಯಾರೂ ಲೆಕ್ಕ ಇಟ್ಟವರಲ್ಲ. 2016ರಲ್ಲಿ ಅತ್ತೂರಿಗೆ ಕಿರಿಯ ಬಸಿಲಿಕದ ಪದವಿ ಬಂತು. ಮೂರು ವರ್ಷಗಳ ಬಳಿಕ, 2019ರಲ್ಲಿ, ಅದೇ ಗೌರವ ಮೈಸೂರು ಧರ್ಮಪ್ರಾಂತ್ಯದ ದೋರನಹಳ್ಳಿಗೆ ಸಂದಿತು. ಕೃಷ್ಣರಾಜನಗರ ತಾಲ್ಲೂಕಿನ ಈ ಹಳ್ಳಿಯ ಬಗ್ಗೆ ಘಟ್ಟದ ಕೆಳಗಿನ ನಾವು ಮಾತನಾಡುವುದು ಕಡಿಮೆ. ಈಗ ಮಾತನಾಡಲು ಕಾರಣವಿದೆ.

ಅಲ್ಲಿನ ಜನ ಹೇಳುವ ಕಥೆ ಹೀಗಿದೆ. ಸುಮಾರು ಇನ್ನೂರು ವರ್ಷಗಳ ಹಿಂದೆ ಹೊಲ ಉಳುತ್ತಿದ್ದ ರೈತನೊಬ್ಬನಿಗೆ ಮಣ್ಣಿನಲ್ಲಿ ಮರದ ಪ್ರತಿಮೆಯೊಂದು ಸಿಕ್ಕಿತು. ಅವನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕನಸಿನಲ್ಲಿ ಸನ್ಯಾಸಿಯೊಬ್ಬರು ಕಾಣಿಸಿಕೊಂಡ ಮೇಲೆ ಅದಕ್ಕೊಂದು ಪುಟ್ಟ ಗುಡಿ ಕಟ್ಟಿದ. ಅದು ಪಾದುವಾದ ಸಂತ ಅಂತೋಣಿಯವರ ಪ್ರತಿಮೆಯೆಂದು ಜನರಿಗೆ ತಿಳಿದದ್ದು ಆಮೇಲೆ. ಇತಿಹಾಸಕಾರರು ಈ ಕಥೆಯನ್ನು ಹೇಗೆ ಬೇಕಾದರೂ ತೂಗಲಿ. ಸಂತರನ್ನು ಆ ಊರಿಗೆ ತಂದದ್ದು ಧರ್ಮಪ್ರಚಾರಕನ ಬೋಧನೆಯಲ್ಲ, ರೈತನ ನೇಗಿಲು ಎಂದೇ ಜನ ನೆನಪಿಟ್ಟುಕೊಂಡಿದ್ದಾರೆ. ಜೂನ್ 13ರ ಹಬ್ಬಕ್ಕೆ ಬರುವವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಮಗುವಿಗಾಗಿ, ಕಾಯಿಲೆ ವಾಸಿಯಾಗಲೆಂದು, ಕಳೆದುಹೋದದ್ದು ಸಿಗಲೆಂದು ಹರಕೆ ಹೊತ್ತು, ತೀರಿಸಿ, ತಮ್ಮ ಮನೆಯ ದೇವರ ಕೋಣೆಗೆ ಮರಳುತ್ತಾರೆ. ಅವರ ಹೆಸರು ಬದಲಾಗುವುದಿಲ್ಲ, ಕುಲದೇವರೂ ಬದಲಾಗುವುದಿಲ್ಲ.

ಈ ಹರಕೆಯ ಜೊತೆಗೆ ಒಂದು ಕಾನೂನಿನ ಪದವನ್ನು ಇಟ್ಟು ನೋಡೋಣ. ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಮಸೂದೆಯನ್ನು ವಿಧಾನಸಭೆ ಒಪ್ಪಿದ್ದು 2021ರ ಡಿಸೆಂಬರ್ 23ರಂದು. 2022ರ ಮೇ ತಿಂಗಳಲ್ಲಿ ಅದು ಸುಗ್ರೀವಾಜ್ಞೆಯಾಯಿತು, ಸೆಪ್ಟೆಂಬರ್‌ನಲ್ಲಿ ವಿಧಾನ ಪರಿಷತ್ತನ್ನೂ ದಾಟಿ ಕಾಯ್ದೆಯಾಯಿತು. ಬಲವಂತ ಮತ್ತು ವಂಚನೆಯ ಮತಾಂತರಕ್ಕೆ ಶಿಕ್ಷೆ ಇರಲಿ, ಅದಕ್ಕೆ ನಮ್ಮ ತಕರಾರಿಲ್ಲ. ತಕರಾರು ಇರುವುದು ‘ಆಮಿಷ’ ಎಂಬ ಪದದ ವಿಸ್ತಾರಕ್ಕೆ. ಉಡುಗೊರೆ, ಹಣ, ಉದ್ಯೋಗ, ಮದುವೆಯ ಭರವಸೆಗಳ ಜೊತೆಗೆ ಧಾರ್ಮಿಕ ಸಂಸ್ಥೆ ನಡೆಸುವ ಹೆಸರಾಂತ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನಶೈಲಿ, ದೈವದ ಅವಕೃಪೆ, ಒಂದು ಧರ್ಮವನ್ನು ಇನ್ನೊಂದರ ಎದುರು ವೈಭವೀಕರಿಸುವುದು ಎಲ್ಲವೂ ಅದರೊಳಗೆ ಬಂದವು. ಸಾಮಾನ್ಯ ಪ್ರಕರಣದಲ್ಲಿ 3ರಿಂದ 5 ವರ್ಷ ಸೆರೆ ಮತ್ತು 25,000 ರೂಪಾಯಿ ದಂಡ. ಮತಾಂತರಗೊಂಡವರು ಮಹಿಳೆ, ಅಪ್ರಾಪ್ತ ವಯಸ್ಕ ಅಥವಾ ಪರಿಶಿಷ್ಟ ಜಾತಿ, ಪಂಗಡದವರಾದರೆ ಸೆರೆ 10 ವರ್ಷದವರೆಗೆ. ದೂರು ಕೊಡಲು ರಕ್ತಸಂಬಂಧಿಯೇ ಆಗಬೇಕೆಂದಿಲ್ಲ, ಸಹೋದ್ಯೋಗಿಯೂ ಕೊಡಬಹುದು. ತಪ್ಪು ಮಾಡಿಲ್ಲವೆಂದು ಸಾಬೀತುಪಡಿಸುವ ಹೊರೆ ಆರೋಪಿಯದು.

2023ರ ಜೂನ್ 15ರಂದು ಹೊಸ ಸರ್ಕಾರದ ಸಚಿವ ಸಂಪುಟ ಈ ಕಾಯ್ದೆಯನ್ನು ರದ್ದುಪಡಿಸಲು ತೀರ್ಮಾನಿಸಿತು. ನಮ್ಮವರು ಹಲವರು ಅಂದು ನಿಟ್ಟುಸಿರು ಬಿಟ್ಟು ವಿಷಯ ಮುಗಿಯಿತೆಂದುಕೊಂಡರು. ಕಾಗದದ ಮೇಲಿನ ಪದವನ್ನು ಸರ್ಕಾರ ಅಳಿಸಬಹುದು. ನೆರೆಯವನ ಮನಸ್ಸಿನಲ್ಲಿ ಕುಳಿತ ಸಂಶಯವನ್ನು ಅಳಿಸಲು ಯಾವ ಸಂಪುಟಕ್ಕೂ ಆಗದು. ಹೆಗ್ಗಡದೇವನಕೋಟೆಯ ಕಡೆ ಧರ್ಮಭಗಿನಿಯೊಬ್ಬರು ಜ್ವರ ಬಂದ ಮಗುವಿನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರೆ ಅದು ಸೇವೆಯೋ, ಆಮಿಷವೋ? ದೋರನಹಳ್ಳಿಯಲ್ಲಿ ಹರಕೆ ಫಲಿಸಿತೆಂದು ಒಬ್ಬ ತಾಯಿ ನಾಲ್ಕು ಜನರೆದುರು ಹೇಳಿದರೆ ಅದು ಸಾಕ್ಷ್ಯವೋ, ವೈಭವೀಕರಣವೋ? ಈ ಪ್ರಶ್ನೆಗಳು ಕಾಯ್ದೆಗಿಂತ ಮೊದಲೂ ಇದ್ದವು, ಮುಂದೆಯೂ ಇರುತ್ತವೆ.

ಸಂಶಯ ಒಂದೇ ಕಡೆಯದಲ್ಲ ಎಂಬುದನ್ನೂ ಹೇಳಬೇಕು. 2022ರ ಡಿಸೆಂಬರ್ 27ರಂದು, ಕ್ರಿಸ್‌ಮಸ್ ಮುಗಿದ ಎರಡೇ ದಿನಕ್ಕೆ, ಪಕ್ಕದ ಪಿರಿಯಾಪಟ್ಟಣದ ಸಂತ ಮರಿಯಮ್ಮನವರ ದೇವಾಲಯಕ್ಕೆ ಯಾರೋ ನುಗ್ಗಿ ಬಾಲಯೇಸುವಿನ ಪ್ರತಿಮೆಯನ್ನು ಹಾಳುಗೆಡವಿದರು. ಕಾಣಿಕೆ ಡಬ್ಬಿಯೂ ಕಾಣೆಯಾಗಿತ್ತು. ಸುದ್ದಿ ದೇಶವೆಲ್ಲ ಹರಡಿತು. ಕರಾವಳಿಯಲ್ಲಿ 2008ರ ಸೆಪ್ಟೆಂಬರ್ 14ನ್ನು ಕಂಡವರಿಗೆ, ಮಂಗಳೂರಿನ ಆರಾಧನಾ ಮಠದ ಮೇಲೆ ನಡೆದ ದಾಳಿಯನ್ನು ಮರೆಯಲಾಗದವರಿಗೆ, ಇದರ ಹಿಂದೆ ಯಾರಿದ್ದಾರೆಂದು ಊಹಿಸಲು ಎರಡನೇ ಯೋಚನೆ ಬೇಕಾಗಲಿಲ್ಲ. ನಂತರ ಪೊಲೀಸರು ಒಬ್ಬನನ್ನು ಬಂಧಿಸಿದರು, ಉದ್ದೇಶ ಕಳ್ಳತನ ಎಂದರು. ದಾಳಿಯ ಸುದ್ದಿಯನ್ನು ಹಂಚಿದಷ್ಟು ಆತುರದಿಂದ ಬಂಧನದ ಸುದ್ದಿಯನ್ನು ನಮ್ಮ ಜನ ಹಂಚಲಿಲ್ಲ. ಗಾಯಗೊಂಡ ಸಮುದಾಯಕ್ಕೆ ಭಯ ಸಹಜ, ಅದನ್ನು ಹಳಿಯಲಾರೆವು. ಆದರೆ ನಮ್ಮನ್ನು ಸಂಶಯಿಸಬೇಡಿ ಎಂದು ಕೇಳುವವರು ಕಾಣಿಕೆ ಡಬ್ಬಿಯ ಕಳ್ಳನನ್ನೂ ಒಂದು ಪಕ್ಷಕ್ಕೆ ಸೇರಿಸಿಬಿಟ್ಟರೆ ನಮ್ಮ ಮಾತಿಗೆ ಬೆಲೆ ಎಲ್ಲಿಂದ ಬರಬೇಕು?

ಧರ್ಮಸಭೆಯ ನಿಲುವು ಈ ವಿಷಯದಲ್ಲಿ ಹೊಸದೇನಲ್ಲ. 1965ರ ಡಿಸೆಂಬರ್ 7ರಂದು ಎರಡನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆ, ವಿಶ್ವಾಸವನ್ನು ಹರಡುವಾಗ ಒತ್ತಾಯದ ಅಥವಾ ಗೌರವಕ್ಕೆ ತಕ್ಕದಲ್ಲದ ಮನವೊಲಿಕೆಯ ಛಾಯೆಯೂ ಇರಕೂಡದು, ಬಡವರ ಮತ್ತು ಓದುಬರಹವಿಲ್ಲದವರ ಬಳಿಯಂತೂ ವಿಶೇಷವಾಗಿ ಇರಕೂಡದು ಎಂದು ಹೇಳಿದೆ. ರಾಜ್ಯದ ಕಾಯ್ದೆಗಿಂತ 57 ವರ್ಷ ಮೊದಲೇ ನಮ್ಮ ಮೇಲೆ ನಾವೇ ಹಾಕಿಕೊಂಡ ಕಟ್ಟಳೆ ಇದು. ನಮ್ಮ ಉಪದೇಶಿಗಳ ತರಬೇತಿಯಲ್ಲಿ ಇದನ್ನು ಎಷ್ಟು ಮಂದಿ ಓದಿಸುತ್ತಾರೋ ತಿಳಿಯದು. ಸೇವೆಯ ವರದಿಗಳನ್ನು ಬರೆಯುವಾಗ ಎಷ್ಟು ಆತ್ಮಗಳು ದೊರೆತವೆಂದು ಬೆಳೆಯ ಲೆಕ್ಕದಂತೆ ಎಣಿಸುವ ಕೆಲವು ಪ್ರಾರ್ಥನಾ ಗುಂಪುಗಳ ಭಾಷೆ ನಮಗೆ ಹಿಡಿಸದು. ಹಾಗೆ ಬರೆದ ಒಂದು ಪುಟ ಹತ್ತು ಶಾಲೆಗಳ ಮೇಲೆ ಸಂಶಯ ತರಲು ಸಾಕು. ಅಷ್ಟಕ್ಕೂ ಎಣಿಕೆಯ ಮಾತೇ ಬೇಕಿದ್ದರೆ ಜನಗಣತಿ ಇದೆ: ಕರ್ನಾಟಕದಲ್ಲಿ ಕ್ರೈಸ್ತರು 2001ರಲ್ಲಿ ಶೇ. 1.91, 2011ರಲ್ಲಿ ಶೇ. 1.87.

ಮೈಸೂರು ಸೀಮೆಯಲ್ಲಿ ಇದಕ್ಕೆ ಹಳೆಯ ಉದಾಹರಣೆಯೂ ಸಿಗುತ್ತದೆ. ಶ್ರೀರಂಗಪಟ್ಟಣದ ಪತನದ ನಂತರ ಇಲ್ಲಿಗೆ ಬಂದ ಫ್ರೆಂಚ್ ಧರ್ಮಗುರು ಅಬ್ಬೆ ದುಬೊಯಿ 1803-04ರ ಸುಮಾರಿನಲ್ಲಿ ಸಿಡುಬಿಗೆ ಲಸಿಕೆ ಹಾಕಿಸುವ ಕೆಲಸಕ್ಕೆ ಇಳಿದರು. 1823ರಲ್ಲಿ ಊರಿಗೆ ಮರಳಿದವರು ಹಿಂದೂಗಳನ್ನು ಮತಾಂತರಿಸುವುದು ಆಗದ ಮಾತೆಂದು ಬಹಿರಂಗವಾಗಿ ಬರೆದು ಮಿಷನರಿಗಳ ಸಿಟ್ಟಿಗೆ ಗುರಿಯಾದರು. ಅವರ ಆ ತೀರ್ಮಾನವನ್ನು ನಾವು ಒಪ್ಪುವುದಿಲ್ಲ. ಆದರೆ ಲಸಿಕೆ ಹಾಕಿಸಿಕೊಂಡ ಮಗು ಯಾವ ದೇವರದೆಂದು ಅವರು ಕೇಳಲಿಲ್ಲ.

ಕರಾವಳಿಯ ಧರ್ಮಕೇಂದ್ರಗಳಿಂದ ದೋರನಹಳ್ಳಿಗೆ ಯಾತ್ರೆ ಹೋಗುವವರು ನೊವೆನಾ ಮುಗಿಸಿ ನೇರವಾಗಿ ಬಸ್ಸು ಹತ್ತದಿರಲಿ. ಪಕ್ಕದಲ್ಲಿ ಕುಳಿತ ಹಿಂದೂ ತಾಯಿಯನ್ನು ಮಾತನಾಡಿಸಲಿ, ಆಕೆ ಯಾವ ಹಳ್ಳಿಯಿಂದ ಬಂದರು, ಆಕೆಯ ಅತ್ತೆಯೂ ಬರುತ್ತಿದ್ದರೇ ಎಂದು ಕೇಳಲಿ. ನಮ್ಮ ಶಾಲೆ, ಆಸ್ಪತ್ರೆಗಳೂ ಮಕ್ಕಳ, ರೋಗಿಗಳ ಹೆಸರು ಬಹಿರಂಗಪಡಿಸದೆ ತಮ್ಮ ಹಾಜರಿ ಪುಸ್ತಕ, ಶುಲ್ಕ ರಿಯಾಯಿತಿಯ ಲೆಕ್ಕಗಳನ್ನು ಊರಿನ ಮುಂದೆ ತೆರೆದಿಡಲಿ. ಯಾರಿಗೆ ರಿಯಾಯಿತಿ ಸಿಕ್ಕಿತು, ಯಾವ ಆಧಾರದ ಮೇಲೆ ಸಿಕ್ಕಿತು ಎಂಬುದು ಪಂಚಾಯಿತಿ ಸದಸ್ಯರಿಗೂ ತಿಳಿದಿರಲಿ. ದೂರು ಬಂದ ದಿನ ಹುಡುಕಿ ತೆಗೆಯುವ ಕಾಗದಕ್ಕಿಂತ ಮೊದಲೇ ಎಲ್ಲರೂ ನೋಡಿರುವ ಕಾಗದ ಹೆಚ್ಚು ಉಪಯೋಗಕ್ಕೆ ಬರುತ್ತದೆ.