ಟೆನ್ನಿಸ್ ಚೆಂಡು, ಕೆಂಪು ಚುಕ್ಕೆ ಮತ್ತು ಗೇಟಿನಾಚೆಯ ರಂಗೋಲಿ

ಮನೆಯ ಗ್ಯಾರೇಜಿನಲ್ಲಿ ಕಾರನ್ನು ಇಂಚೂ ಆಚೀಚೆ ಆಗದ ಹಾಗೆ ನಿಲ್ಲಿಸೋಕೆ ಅಂತ ಮಾರುವ ಸಾಮಾನುಗಳ ಮೇಲೆ ನನ್ನದೊಂದು ತಕರಾರಿದೆ. ಅವು ಕೆಲಸ ಮಾಡಲ್ಲ ಅನ್ನೋ ತಕರಾರಲ್ಲ. ಚೆನ್ನಾಗಿಯೇ ಕೆಲಸ ಮಾಡ್ತವೆ. ಆದ್ರೆ ಯಾರ ಪರವಾಗಿ ಕೆಲಸ ಮಾಡ್ತವೆ ಅಂತ ನೋಡಿದ್ರೆ, ಬಂಪರಿನ ಪರವಾಗಿ. ಬಂಪರಿಗೆ ಇಷ್ಟೊಂದು ಜನ ವಕೀಲರು ಇರೋವಾಗ ಮನುಷ್ಯರ ಪರವಾಗಿ ಒಂದು ಪೋಸ್ಟಾದರೂ ಇರಲಿ ಅಂತ ಕೂತಿದ್ದೇನೆ.

ಈ ಸಾಮಾನುಗಳ ಮೂಲಪುರುಷ ಟೆನ್ನಿಸ್ ಚೆಂಡು. ಅಮೆರಿಕದ ಮನೆಗಳಲ್ಲಿ ಗ್ಯಾರೇಜಿನ ಸೂರಿನಿಂದ ದಾರ ಕಟ್ಟಿ ಒಂದು ಚೆಂಡು ಇಳಿಬಿಟ್ಟಿರ್ತಾರೆ. ಕಾರು ಮೆಲ್ಲಗೆ ಒಳಗೆ ಬಂದು ಮುಂದಿನ ಗಾಜು ಚೆಂಡಿಗೆ ತಾಗಿದ ಕೂಡ್ಲೇ ಬ್ರೇಕು. ಅಷ್ಟೇ ವಿಜ್ಞಾನ. ಅಲ್ಲಿ ಒಂದು ಕಾರಿನ ಗ್ಯಾರೇಜ್ ಬಾಗಿಲು ಸಾಮಾನ್ಯವಾಗಿ ಒಂಬತ್ತಡಿ ಅಗಲ, ಏಳಡಿ ಎತ್ತರ. ಒಳಗೆ ಹುಲ್ಲು ಕತ್ತರಿಸೋ ಯಂತ್ರ, ಹಿಮ ಗುಡಿಸೋ ಸಲಿಕೆ, ಹೀಟರು, ಊರಿಂದ ಅಮ್ಮ ಬಂದಾಗ ತಂದ ಸೂಟ್‌ಕೇಸು, ಎಲ್ಲಾ ಗೋಡೆಗೊರಗಿ ನಿಂತಿರ್ತವೆ. ಸ್ವಲ್ಪ ಮುಂದೆ ಹೋದ್ರೆ ಹೀಟರಿಗೆ ಮುತ್ತು, ಸ್ವಲ್ಪ ಹಿಂದೆ ನಿಂತ್ರೆ ಬಾಗಿಲು ಮುಚ್ಚಲ್ಲ. ಹಾಗಾಗಿ ಅಳತೆ ಬೇಕು ಅನ್ನೋದು ನ್ಯಾಯವೇ. ಚೆಂಡಿನ ಬಗ್ಗೆ ನನಗೆ ಗೌರವ ಕೂಡ ಇದೆ, ಬ್ಯಾಟರಿ ಕೇಳಲ್ಲ ನೋಡಿ :-)

ಆಮೇಲೆ ಬಂದವು ಇದರ ಮಕ್ಕಳು ಮೊಮ್ಮಕ್ಕಳು. ನೆಲಕ್ಕೆ ಅಂಟಿಸೋ ರಬ್ಬರ್ ದಿಂಡು, ಚಕ್ರ ಅದಕ್ಕೆ ತಗುಲಿದ್ರೆ ಗೊತ್ತಾಗುತ್ತೆ. ಸೂರಿಗೆ ಕೂರಿಸೋ ಲೇಸರ್, ಕಾರು ಒಳಗೆ ಬಂದಾಗ ಹೊತ್ತಿಕೊಂಡು ಡ್ಯಾಶ್‌ಬೋರ್ಡಿನ ಮೇಲೆ ಕೆಂಪು ಚುಕ್ಕೆ ಇಡುತ್ತೆ. ಆ ಚುಕ್ಕೆ ಗುರುತಿಟ್ಟ ಜಾಗಕ್ಕೆ ಬಂದ್ರೆ ನಿಲ್ಲಿಸಿ ಅಂತ. ಇನ್ನೊಂದು, ಗೋಡೆಗೆ ಹಾಕೋ ಪುಟ್ಟ ಟ್ರಾಫಿಕ್ ಸಿಗ್ನಲ್: ಹಸಿರು, ಹಳದಿ, ಕೆಂಪು. ಒಳಗಿರೋದು ನಮ್ಮ ಕಿವಿಗೆ ಕೇಳದ ಶಬ್ದ. ಶಬ್ದ ಬಿಟ್ಟು ಪ್ರತಿಧ್ವನಿ ಬರೋವರೆಗೆ ಎಷ್ಟು ಹೊತ್ತಾಯ್ತು ಅಂತ ಎಣಿಸಿ ದೂರ ಲೆಕ್ಕ ಹಾಕುತ್ತೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ, ಒಂದೂವರೆ ಮೀಟರ್ ದೂರದ ಬಂಪರಿಗೆ ಹೋಗಿ ವಾಪಸ್ ಬರೋಕೆ ಒಂಬತ್ತು ಮಿಲಿಸೆಕೆಂಡು ಸಾಕು. ಬಾವಲಿಯ ವಿದ್ಯೆ, ಬಂಪರಿನ ಸೇವೆಗೆ.

ಈಗ ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ. ಚೆಂಡು ತಾಗೋದು ಮುಂದಿನ ಗಾಜಿಗೆ. ಚುಕ್ಕೆ ಬೀಳೋದು ಡ್ಯಾಶ್‌ಬೋರ್ಡಿಗೆ. ಸಿಗ್ನಲ್ ದೀಪ ಎದುರಿನ ಗೋಡೆಗೆ. ಅಂದ್ರೆ ಕಾರು ಮೂತಿ ಮುಂದಾಗಿ ಒಳಗೆ ಬರಬೇಕು ಅಂತ ಇವೆಲ್ಲ ಮೊದಲೇ ತೀರ್ಮಾನ ಮಾಡಿಬಿಟ್ಟಿವೆ. ಮೂತಿ ಮುಂದಾಗಿ ಒಳಗೆ ಬಂದ ಕಾರು ಹೊರಗೆ ಹೋಗೋದು ಹೇಗೆ? ಬೆನ್ನು ಮುಂದಾಗಿ. ರಾತ್ರಿ ನಮ್ಮದೇ ಗೋಡೆಯ ಹತ್ತಿರ ಇಂಚಿಂಚೂ ಅಳೆದು ನಿಲ್ಲಿಸಿದವರು, ಬೆಳಿಗ್ಗೆ ಊರವರ ರಸ್ತೆಗೆ ಕತ್ತು ತಿರುಚಿಕೊಂಡು ಅಂದಾಜಿನ ಮೇಲೆ ಇಳೀತಾರೆ. ಗೋಡೆಗೆ ಲೇಸರ್, ರಸ್ತೆಗೆ ದೇವರು.

ಇದು ಅಮೆರಿಕದ ಕತೆ, ನಮಗ್ಯಾಕೆ ಅಂತೀರಾ? ಈ ಲೇಸರು, ದಿಂಡು ಎಲ್ಲ ಈಗ ಇಲ್ಲೇ ಆನ್‌ಲೈನಿನಲ್ಲಿ ಸಿಗ್ತವೆ. ಬೆಂಗಳೂರಿನ ಮೂವತ್ತು ನಲವತ್ತು ಸೈಟಿನ ಮನೆಯ ಪೋರ್ಟಿಕೋವನ್ನೂ ಗ್ಯಾರೇಜು ಅಂತಲೇ ಕರೀತೀವಿ. ಅದರಲ್ಲಿ ಸಂಪಿನ ಮುಚ್ಚಳ, ಎರಡು ಸ್ಕೂಟರು, ಚಪ್ಪಲಿ ಸ್ಟ್ಯಾಂಡು, ಕರೆಂಟ್ ಮೀಟರು, ಬಿಸಿಲು ಬೀಳೋ ಒಂದೇ ಮೂಲೆಯಲ್ಲಿ ತುಳಸಿ. ಉಳಿದ ಜಾಗಕ್ಕೆ ಕಾರು. ಮಾರುತಿ 800 ಕಾಲದಲ್ಲಿ ಇದು ಹೇಗೋ ನಡೀತಿತ್ತು, ಅದರ ಉದ್ದ 3.3 ಮೀಟರು, ಅಗಲ 1.44. ಈಗ ಅದೇ ಪೋರ್ಟಿಕೋಗೆ 4.7 ಮೀಟರ್ ಉದ್ದ, 1.83 ಅಗಲದ ಇನ್ನೋವಾ ಕ್ರಿಸ್ಟಾ ತಂದು, "ಸೆನ್ಸರ್ ಯಾಕೋ ಬಡ್ಕೊಳ್ತಾನೇ ಇರುತ್ತೆ" ಅಂತ ದೂರ್ತಾರೆ. ಪಾಪ, ಅದು ಬಡ್ಕೊಳ್ಳದೆ ಇನ್ನೇನು ಮಾಡುತ್ತೆ!

ಆ ಬಡಿತದ ಬಗ್ಗೆಯೇ ಸ್ವಲ್ಪ ಹೇಳ್ಬೇಕು. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಎಚ್ಚರಿಕೆಯ ವ್ಯವಸ್ಥೆ ಕಡ್ಡಾಯ ಮಾಡಿದ್ರು. ಕಡಿಮೆ ಬೆಲೆಯ ಕಾರುಗಳಲ್ಲಿ ಹಾಗಂದ್ರೆ ಹಿಂದಿನ ಬಂಪರಿನ ಗುಂಡು ಗುಂಡು ಸೆನ್ಸರುಗಳು. ಒಳ್ಳೇದೇ. ಆದ್ರೆ ಅವು ಗಟ್ಟಿ, ಚಪ್ಪಟೆ, ದೊಡ್ಡ ವಸ್ತುಗಳನ್ನು ಚೆನ್ನಾಗಿ ನೋಡ್ತವೆ. ತೆಳ್ಳಗಿನ ಕಂಬ ತಪ್ಪಿಹೋಗಬಹುದು. ನೆಲಕ್ಕೆ ಹತ್ತಿರ ಇರೋದು ತಪ್ಪಿಹೋಗಬಹುದು. ಮೆತ್ತನೆಯ ಬಟ್ಟೆ ಶಬ್ದವನ್ನು ಹೀರಿಕೊಳ್ಳುತ್ತೆ, ಪ್ರತಿಧ್ವನಿ ಸರಿಯಾಗಿ ವಾಪಸ್ ಬರಲ್ಲ. ಈ ಮೂರನ್ನೂ ಸೇರಿಸಿ ಯೋಚಿಸಿ: ತೆಳ್ಳಗೆ, ನೆಲಕ್ಕೆ ಹತ್ತಿರ, ಹತ್ತಿ ಬಟ್ಟೆ ಸುತ್ತಿದ್ದು. ಮಗು. ಇಲ್ಲವೇ ಗೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ರಂಗೋಲಿ ಎಳೀತಾ ಇರೋ ಅಜ್ಜಿ.

ಅದೂ ಅಲ್ಲದೆ ಎರಡೂ ಕಡೆ ಕಾಂಪೌಂಡ್ ಗೋಡೆ, ಗೇಟಿನ ಕಂಬ ಇರೋ ನಮ್ಮ ಪೋರ್ಟಿಕೋಗಳಲ್ಲಿ ಸೆನ್ಸರ್ ದಿನಾ ಬೆಳಿಗ್ಗೆ ಗೋಡೆಗಾಗಿಯೇ ಕೂಗಿಕೊಳ್ಳುತ್ತೆ. ದಿನಾ ತೋಳ ಬಂತು ತೋಳ ಅಂತ ಕೂಗಿದ ಹುಡುಗನ ಕತೆ ಗೊತ್ತಲ್ಲ. ಮೂರನೇ ವಾರಕ್ಕೆ ಡ್ರೈವರಿನ ಕಿವಿ ಆ ಸದ್ದನ್ನು ಫ್ಯಾನಿನ ಸದ್ದಿನ ಜೊತೆ ಸೇರಿಸಿಬಿಟ್ಟಿರುತ್ತೆ.

(ಸೆನ್ಸರಿಗೂ ಮೊದಲು ನಮ್ಮಲ್ಲಿ ರಿವರ್ಸ್ ಹಾಕಿದ್ರೆ ಕ್ರಿಸ್‌ಮಸ್ ಹಾಡಿನ ಟ್ಯೂನು ಬರ್ತಿತ್ತು, ನೆನಪಿದೆಯಾ? ಏರಿಳಿವ ಸ್ವರಗಳ ಹಾರನ್ ಕೂಡದು ಅಂತ ಕೇಂದ್ರ ಮೋಟಾರು ವಾಹನ ನಿಯಮದ 119ನೇ ನಿಯಮ ಹೇಳುತ್ತೆ. ಆ ಟ್ಯೂನುಗಳ ಬಗ್ಗೆ ನಾವೆಲ್ಲ ಬೇಕಾದಷ್ಟು ನಕ್ಕಿದ್ದೀವಿ. ಆದ್ರೆ ಒಂದು ಮಾತು, ಅದು ಕಾರಿನ ಹೊರಗಿದ್ದವರಿಗೆ ಕೇಳಿಸ್ತಿತ್ತು. ಈಗಿನದು ಒಳಗೆ ಕೂತವನಿಗೆ ಮಾತ್ರ.)

ಕ್ಯಾಮೆರಾ ಇದೆಯಲ್ಲ ಅಂತ ಹೇಳೋರು ಇದ್ದಾರೆ. ಅವರಿಗೆ ಅಮೆರಿಕದ್ದೇ ಒಂದು ನಿಜ ಸಂಗತಿ ಹೇಳ್ತೀನಿ. 2002ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಗ್ರೆಗ್ ಗುಲ್ಬ್ರಾನ್ಸನ್ ಅನ್ನೋ ವೈದ್ಯರು, ಅದೂ ಮಕ್ಕಳ ವೈದ್ಯರು, ರಾತ್ರಿ ತಮ್ಮ ದೊಡ್ಡ ಕಾರನ್ನು ರಿವರ್ಸಿನಲ್ಲಿ ಮನೆಯ ಡ್ರೈವ್‌ವೇಗೆ ತರ್ತಾ ಇದ್ರು. ಎರಡು ವರ್ಷದ ಮಗ ಕ್ಯಾಮೆರನ್ ಯಾವಾಗ ಮನೆಯಿಂದ ಹೊರಗೆ ಬಂದನೋ ಗೊತ್ತಾಗಲಿಲ್ಲ. ಮಗು ಕಾರಿನಡಿಗೆ ಸಿಕ್ಕು ತೀರಿಕೊಂಡಿತು. ಆ ಮಗುವಿನ ಹೆಸರಿನಲ್ಲೇ ಕಾಯಿದೆ ಬಂತು, 2008ರಲ್ಲಿ ಅಧ್ಯಕ್ಷರ ಸಹಿ ಆಯ್ತು. ಆಮೇಲೆ? ಗಡುವುಗಳು ಮುಂದೆ ಹೋಗ್ತಾ ಹೋಗ್ತಾ, ಅಂತಿಮ ನಿಯಮ ಬಂದಿದ್ದು 2014ಕ್ಕೆ, ಎಲ್ಲ ಹೊಸ ಕಾರುಗಳಿಗೂ ಅನ್ವಯ ಆಗಿದ್ದು 2018ರ ಮೇ ತಿಂಗಳಿಗೆ. ಕಾರಿನ ಹಿಂದೆ ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ಜಾಗ ಡ್ರೈವರಿಗೆ ಕಾಣಬೇಕು ಅನ್ನೋದು ಅದರ ತಿರುಳು. ಸೆನ್ಸರ್ ಮಾತ್ರ ಇದ್ರೆ ಮಕ್ಕಳನ್ನು ಪತ್ತೆ ಮಾಡೋದರಲ್ಲಿ ಸಾಲದು ಅಂತ ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ ಪರೀಕ್ಷೆ ಮಾಡಿ ನೋಡಿಯೇ ಕ್ಯಾಮೆರಾಕ್ಕೆ ಹೋಗಿದ್ದು. ನಿಯಮ ತಂದಾಗ ಆ ಸಂಸ್ಥೆ ಕೊಟ್ಟ ಅಂದಾಜು: ರಿವರ್ಸ್ ಕಾರಿಗೆ ಸಿಕ್ಕು ವರ್ಷಕ್ಕೆ ಸುಮಾರು 210 ಸಾವು, 15,000 ಜನಕ್ಕೆ ಗಾಯ. ಸತ್ತವರಲ್ಲಿ ನೂರಕ್ಕೆ 31 ಜನ ಐದು ವರ್ಷದೊಳಗಿನವರು, 26 ಜನ ಎಪ್ಪತ್ತು ದಾಟಿದವರು.

ಮೊಮ್ಮಕ್ಕಳು ಮತ್ತು ಅಜ್ಜ ಅಜ್ಜಿ. ಮನೆಯಲ್ಲೇ ಇರುವವರು, ಕಾರನ್ನು ಬೀಳ್ಕೊಡೋಕೆ ಗೇಟಿನ ತನಕ ಬರುವವರು.

ಇಲ್ಲಿ ನನ್ನ ವಾದಕ್ಕೇ ಒಂದು ಅಡ್ಡಗಾಲಿದೆ, ಅದನ್ನು ಮುಚ್ಚಿಡಲ್ಲ. ಆ ವೈದ್ಯರು ರಿವರ್ಸಿನಲ್ಲಿ ಹೊರಗೆ ಹೋಗ್ತಿರಲಿಲ್ಲ, ಒಳಗೆ ಬರ್ತಿದ್ರು. ಹಾಗಾಗಿ "ಹಿಂದು ಮುಂದಾಗಿ ಪಾರ್ಕ್ ಮಾಡಿ, ಎಲ್ಲ ಸರಿಹೋಗುತ್ತೆ" ಅಂತ ನಾನು ತಾಯಿತ ಮಾರೋಕೆ ಬಂದಿಲ್ಲ. ರಿವರ್ಸ್ ಅನ್ನೋದು ಯಾವ ದಿಕ್ಕಿನಲ್ಲಾದ್ರೂ ಅಪಾಯವೇ. ಆದರೆ ದಿನಕ್ಕೊಮ್ಮೆ ಹೇಗಿದ್ರೂ ರಿವರ್ಸ್ ಹಾಕಲೇಬೇಕು ಅಂದ್ಮೇಲೆ ಅದನ್ನು ಎಲ್ಲಿ, ಯಾವಾಗ ಹಾಕೋದು ಅನ್ನೋದು ನಮ್ಮ ಕೈಲಿದೆ. ರಸ್ತೆಯಿಂದ ಬಂದವನು ಈಗಷ್ಟೇ ಆ ಜಾಗದ ಮುಂದೆ ಹಾದು ಬಂದಿರ್ತಾನೆ, ಕಣ್ಣಾರೆ ನೋಡಿರ್ತಾನೆ. ಗೇಟು ತೆಗೆಯೋಕೆ ಹೇಗೂ ಒಬ್ಬರು ಹೊರಗೆ ಬರ್ತಾರೆ. ಅವರೇ ಹಿಂದೆ ಒಂದು ಪಕ್ಕಕ್ಕೆ, ಕನ್ನಡಿಯಲ್ಲಿ ಕಾಣೋ ಹಾಗೆ ನಿಂತು, ಮಕ್ಕಳನ್ನು ಹಿಡಿದುಕೊಳ್ಳಬಹುದು. ಬೆಳಿಗ್ಗೆ ಹೊರಡುವವನಿಗೆ ಇದ್ಯಾವುದೂ ಇಲ್ಲ. ರಾತ್ರಿಯಿಡೀ ನಿಂತ ಕಾರು, ಅದರ ಹಿಂದೆ ಈಗ ಏನಿದೆ ಅಂತ ಗೊತ್ತಿಲ್ಲ, ಗಾಜಿನ ಮೇಲೆ ಇಬ್ಬನಿ, ಆಫೀಸಿಗೆ ಹೊತ್ತಾಗಿದೆ. ಗೇಟು ದಾಟಿದ್ರೆ ಫುಟ್‌ಪಾತು, ಸ್ಕೂಲ್ ವ್ಯಾನಿಗೆ ಓಡೋ ಮಕ್ಕಳು, ಹಾಲಿನವನು, ಕಸದ ಆಟೋ, ಮತ್ತೆ ಅದೇ ರಂಗೋಲಿ.

ಕ್ಯಾಮೆರಾ ಈ ಹೊತ್ತಿನಲ್ಲಿ ಕಾಂಪೌಂಡಿನ ಒಳಗಿರುತ್ತೆ. ಗೋಡೆಯಾಚೆ ಎಡದಿಂದ ಓಡಿ ಬರೋ ಮಗು ಅದಕ್ಕೆ ಕಾಣಬೇಕಾದ್ರೆ ಬಂಪರ್ ಮೊದಲು ಫುಟ್‌ಪಾತಿಗೆ ಬರಬೇಕು. ಅಷ್ಟರಲ್ಲಿ ನೀವು ಫುಟ್‌ಪಾತಿನಲ್ಲಿದ್ದೀರಿ! ಮಳೆಗಾಲದಲ್ಲಿ ಅದರ ಕಣ್ಣಿಗೆ ಕೆಸರು ಬೇರೆ. ಮೂತಿ ಮುಂದಾಗಿ ಹೊರಟ್ರೂ ಬಾನೆಟ್ಟು ಅಡ್ಡ ಇದ್ದೇ ಇರುತ್ತೆ, ಇಲ್ಲ ಅನ್ನಲ್ಲ. ಆದ್ರೂ ಎದುರಿಗೆ ಅಗಲ ಗಾಜು, ಇಳಿಸಿದ ಎರಡು ಕಿಟಕಿ, ನೆಟ್ಟಗಿರೋ ಕತ್ತು, ಮುಖ ನೋಡಿದ್ರೆ ಮುಖ ಕಾಣುತ್ತೆ. ನಡೆಯುವವನಿಗೂ ಡ್ರೈವರಿನ ಕಣ್ಣು ಕಾಣುತ್ತೆ, ಇವನು ನನ್ನನ್ನ ನೋಡಿದ್ನಾ ಇಲ್ವಾ ಅಂತ ಗೊತ್ತಾಗುತ್ತೆ. ಹಿಂದಿನ ಡಿಕ್ಕಿಗೆ ಕಣ್ಣಿಲ್ಲ.

ನಮ್ಮ ಭಾವನ ಹತ್ರ ಇದೇ ವಾದ ಆಯ್ತು. "ಭಾವ, ರಾತ್ರಿ ಬರೋವಾಗಲೇ ತಿರುಗಿಸಿ ಹಿಂದಾಗಿ ಹಾಕಿಬಿಡಿ" ಅಂದ್ರೆ, "ಅಯ್ಯೋ, ಹಿಂದೆ ನಾಲ್ಕು ಬೈಕು ಹಾರನ್ ಹೊಡೀತಾ ನಿಂತಿರ್ತಾವಯ್ಯ, ಯಾರು ತಿರುಗಿಸ್ತಾರೆ" ಅಂದ್ರು. ನಿಜ, ಹೊಡೀತಾರೆ. ಅರ್ಧ ನಿಮಿಷ ಹೊಡೀಲಿ. ಹಾರನ್ ಹೊಡೆಯುವವನು ಕನಿಷ್ಠ ಕಾರನ್ನು ನೋಡಿದ್ದಾನೆ ಅಂತಾಯ್ತಲ್ಲ. ಎರಡನೇ ಆಕ್ಷೇಪ ಅಕ್ಕನದು, ಹೊಗೆ ಮನೆಯೊಳಗೆ ಬರುತ್ತೆ ಅಂತ. ಇದು ಹೆಚ್ಚು ತೂಕದ ಮಾತು. ತಣ್ಣಗಿರೋ ಎಂಜಿನ್ ಮೊದಲು ಹೊತ್ತಿಕೊಂಡಾಗ ಹೊಗೆ ಜಾಸ್ತಿ, ಪೋರ್ಟಿಕೋ ಪಕ್ಕವೇ ರೂಮಿನ ಕಿಟಕಿ ಇದ್ರೆ ಕಷ್ಟ. ಗೇಟು ಪೂರ್ತಿ ತೆಗೆದಾದ್ಮೇಲೆ, ಕಿಟಕಿ ಮುಚ್ಚಿ ಸ್ಟಾರ್ಟ್ ಮಾಡಿ, ಕೂಡ್ಲೇ ಹೊರಡೋದು. ನಿಂತಲ್ಲೇ ಐದು ನಿಮಿಷ ಎಂಜಿನ್ ಕಾಯಿಸೋದು ಯಾವ ಕಡೆ ಮುಖ ಮಾಡಿದ್ರೂ ಬೇಡ. ಅಮೆರಿಕದ ಹಾಗೆ ಮನೆಗೇ ಅಂಟಿಕೊಂಡ ಮುಚ್ಚಿದ ಗ್ಯಾರೇಜಿನಲ್ಲಂತೂ ಬೇಡವೇ ಬೇಡ.

ಕಂಪನಿಗಳಿಗೆ ಮನುಷ್ಯರ ಬಗ್ಗೆ ಯೋಚನೆ ಮಾಡೋಕೆ ಬರಲ್ಲ ಅಂತೇನಿಲ್ಲ. ಅದೇ ಅಮೆರಿಕದ ಗ್ಯಾರೇಜಿನ ಬಾಗಿಲನ್ನೇ ನೋಡಿ. ತಾನೇ ಇಳಿಯೋ ಆ ಭಾರದ ಬಾಗಿಲಡಿ ಮಕ್ಕಳು ಸಿಕ್ಕು ಸಾಯ್ತಾ ಇದ್ರು. 1990ರಲ್ಲಿ ಕಾನೂನು ಮಾಡಿ, 1993ರ ಜನವರಿಯಿಂದ ತಯಾರಾಗುವ ಪ್ರತಿ ಯಂತ್ರಕ್ಕೂ ಅಡ್ಡ ಇದ್ದದ್ದನ್ನು ಗುರುತಿಸೋ ವ್ಯವಸ್ಥೆ ಕಡ್ಡಾಯ ಮಾಡಿದ್ರು. ಸಾಮಾನ್ಯವಾಗಿ ಅದು ಬಾಗಿಲ ಎರಡೂ ಕಡೆ ನೆಲದಿಂದ ಆರಿಂಚಿನೊಳಗೆ ಕೂತಿರೋ ಎರಡು ಪುಟ್ಟ ಕಣ್ಣು. ನಡುವಿನ ಕಿರಣಕ್ಕೆ ಏನಾದ್ರೂ ಅಡ್ಡ ಬಂದ್ರೆ ಇಳೀತಿರೋ ಬಾಗಿಲು ವಾಪಸ್ ಮೇಲೆ ಹೋಗುತ್ತೆ. ಆರೇ ಇಂಚು ಯಾಕೆ? ಅಂಬೆಗಾಲಿಡೋ ಮಗು ಅಷ್ಟು ಎತ್ತರದಲ್ಲೇ ಇರೋದು, ಅದಕ್ಕೆ. ಅದನ್ನು ಮಾರೋಕೆ ಜಾಹೀರಾತು ಬೇಕಾಗಲಿಲ್ಲ, ಕಾನೂನು ಬೇಕಾಯ್ತು. ಅದೇ ಗ್ಯಾರೇಜಿನ ಸೂರಿನಲ್ಲಿರೋ ಲೇಸರಿಗೆ ಯಾವ ಕಾನೂನೂ ಬೇಕಾಗಲಿಲ್ಲ, ಗೀರಿನ ಭಯ ಸಾಕಾಯ್ತು.

ನಮ್ಮಲ್ಲಿ ಬಾಗಿಲ ಬದಲು ರಿಮೋಟಿನ ಜಾರುಗೇಟು ಬರ್ತಾ ಇದೆ. ಹೊಸ ಮನೆ ಕಟ್ಟುವವರು ಗೇಟಿನ ಅಂಗಡಿಯಲ್ಲಿ ಮೋಟಾರಿನ ಗ್ಯಾರಂಟಿ ಕೇಳ್ತಾರೆ, ಅಡ್ಡ ಬಂದ್ರೆ ನಿಲ್ಲೋ ಕಣ್ಣು ಇದೆಯಾ ಅಂತ ಕೇಳಿದವರನ್ನ ನಾನು ಹೆಚ್ಚು ಕಂಡಿಲ್ಲ. ಲೇಸರಿಗೆ ಇಟ್ಟ ದುಡ್ಡನ್ನ ಅದಕ್ಕೆ ಹಾಕಿ. ಗೇಟಿನ ಕಂಬದ ಮೇಲೆ ಒಂದು ಗುಬುರುಗನ್ನಡಿ ಹಾಕಿಸಿ. ಫುಟ್‌ಪಾತು ಕಾಣೋ ಹಾಗೆ ಗೇಟಿನ ತಗಡು ಶೀಟನ್ನು ತೆಗೆಸಿ ಬರೀ ಸರಳು ಇಡಿಸಿ. ಕಾರು ಹತ್ತೋಕೆ ಮುಂಚೆ ಒಂದು ಸುತ್ತು ಬನ್ನಿ, ಅದಕ್ಕೆ ಬ್ಯಾಟರಿ ಬೇಡ.

ಇಷ್ಟಾದ್ಮೇಲೂ ಚೆಂಡು ಬೇಕೇ ಬೇಕು ಅನ್ನುವವರಿಗೆ: ಕಾರನ್ನು ಹಿಂದಾಗಿ ತಂದು ಸರಿಯಾದ ಜಾಗದಲ್ಲಿ ನಿಲ್ಲಿಸಿ, ದಾರವನ್ನು ಒಳಗಡೆಗೆ ಸರಿಸಿ, ಹಿಂದಿನ ಗಾಜಿಗೆ ತಾಗುವ ಹಾಗೆ ಕಟ್ಟಿ. ರಬ್ಬರ್ ದಿಂಡು ಹಾಕೋದಿದ್ರೆ ಹಿಂದಿನ ಚಕ್ರಕ್ಕೆ ಸಿಗೋ ಹಾಗೆ, ಸಂಪಿನ ಮುಚ್ಚಳದ ಮೇಲೆ ಬೀಳದ ಹಾಗೆ ನೋಡ್ಕೊಳ್ಳಿ. ಭಾವನ ಮನೆಯಲ್ಲಿ ದಿಂಡು ಈಗ ಹಿಂದಕ್ಕೆ ಹೋಗಿದೆ. ಹಾರನ್ ಹೊಡೆಯೋ ಬೈಕಿನವರ ಮೇಲೆ ಅವರ ಬೈಗುಳ ಮಾತ್ರ ಇನ್ನೂ ನಿಂತಿಲ್ಲ.