ಅಜ್ಜಿಯ ಫೋನು ಅಜ್ಜಿಯ ಕೈಯಲ್ಲಿರಲಿ

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರುವ ಮುನ್ನ ಶಾಲೆಯ ಮೆಟ್ಟಿಲು ಹತ್ತಿದವರು ಈಗ ಎಪ್ಪತ್ತೈದರ ಆಸುಪಾಸಿನವರು ಅಥವಾ ಅದನ್ನು ದಾಟಿದವರು. ಮನೆಯಲ್ಲಿ ತುಳುವನ್ನೋ ಮರಾಟಿಯನ್ನೋ ಆಡಿದರೂ ಅವರಲ್ಲಿ ಅನೇಕರಿಗೆ ಓದಲು ಬರುವ ಲಿಪಿ ಕನ್ನಡವೊಂದೇ. ಅವರ ಫೋನಿಗೆ ಬ್ಯಾಂಕಿನ ಸಂದೇಶ ಬರುವುದು ಇಂಗ್ಲಿಷಿನಲ್ಲಿ, ವಾರ್ಡಿನ ಗುಂಪಿನ ಸೂಚನೆ ಮಲಯಾಳದಲ್ಲಿ. ಪಿಂಚಣಿ ಬಂದಿದೆಯೇ ಎಂದು ತಿಳಿಯಲು ಅಜ್ಜಿ ಮೊಮ್ಮಗಳು ಶಾಲೆಯಿಂದ ಮರಳುವವರೆಗೆ ಕಾಯಬೇಕು.

ಕೇರಳವು 2025ರ ಆಗಸ್ಟ್ 21ರಂದು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಘೋಷಿಸಲ್ಪಟ್ಟಿತು. ತಿರುವನಂತಪುರ ಜಿಲ್ಲೆಯ ಪುಲ್ಲಂಪಾರ ಪಂಚಾಯತಿನಲ್ಲಿ ಆರಂಭವಾದ ಪ್ರಯತ್ನವೇ ರಾಜ್ಯವ್ಯಾಪಿಯಾಗಿ ಬೆಳೆದು, 21 ಲಕ್ಷಕ್ಕೂ ಅಧಿಕ ಮಂದಿಗೆ ತರಬೇತಿ ದೊರೆಯಿತು. ಸ್ವಯಂಸೇವಕರು ಮನೆಗಳಿಗೂ ಉದ್ಯೋಗ ಖಾತರಿಯ ಕೆಲಸದ ಸ್ಥಳಗಳಿಗೂ ಹೋಗಿ ಕಲಿಸಿದರು. ವಯಸ್ಸಿನ ಮಿತಿಯನ್ನು ಕೈಬಿಟ್ಟದ್ದು ಇದರ ಹಿರಿಮೆ. ಕೇಂದ್ರದ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನವು 14ರಿಂದ 60 ವರ್ಷದವರಿಗೆ ಮಾತ್ರ, ಅದೂ ಮನೆಗೊಬ್ಬರಂತೆ, ರೂಪಿತವಾಗಿತ್ತು. ಮನೆಯಲ್ಲೊಬ್ಬರಿಗೆ ತಿಳಿದರೆ ಸಾಕೆಂಬ ಊಹೆಯೇ ಹಿರಿಯರನ್ನು ಹೊರಗಿಟ್ಟಿತು.

ಆ ಊಹೆ ಎಷ್ಟು ಅಪಾಯಕಾರಿ ಎಂಬುದು ಹಣ ಹೋದ ಮೇಲೆ ತಿಳಿಯುತ್ತದೆ. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಂತೆ, ಬ್ಯಾಂಕಿನದೂ ಗ್ರಾಹಕರದೂ ಅಲ್ಲದ ಲೋಪದಿಂದ ಹಣ ಹೋದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊಣೆಯಿಲ್ಲ. ಆದರೆ ರಹಸ್ಯ ಸಂಖ್ಯೆಯನ್ನು ಇತರರಿಗೆ ಕೊಟ್ಟದ್ದರಿಂದ ನಷ್ಟವಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ಹೊಣೆ ಗ್ರಾಹಕರದೇ. ಪಿನ್ ಸಂಖ್ಯೆಯನ್ನು ಪಿಂಚಣಿ ಪುಸ್ತಕದ ರಟ್ಟಿನ ಮೇಲೆ ಬರೆದಿಟ್ಟು, ಸಿಕ್ಕವರ ಕೈಗೆ ಫೋನು ನೀಡುವ ಅಜ್ಜನಿಗೆ ಈ ಭೇದವನ್ನು ಯಾರು ಹೇಳಿದ್ದಾರೆ? ಅವರ ದೃಷ್ಟಿಯಲ್ಲಿ ಅದು ನಂಬಿಕೆ, ಸುತ್ತೋಲೆಯ ದೃಷ್ಟಿಯಲ್ಲಿ ನಿರ್ಲಕ್ಷ್ಯ.

ಆದುದರಿಂದ ತರಬೇತಿಯ ಮೊದಲ ನಿಯಮ, ಕಲಿಸುವವರು ಫೋನನ್ನು ಮುಟ್ಟಕೂಡದು. ಮಕ್ಕಳಿಗೆ ಇದು ಬಹಳ ಕಷ್ಟ. "ಇಲ್ಲಿ ಕೊಡಿ ಅಜ್ಜಿ" ಎಂದು ಕಸಿದು ಎರಡು ಕ್ಷಣದಲ್ಲಿ ಮುಗಿಸಿ ಮರಳಿಸುತ್ತಾರೆ. ಕೆಲಸವಾಗುತ್ತದೆ, ಅಜ್ಜಿ ಏನೂ ಕಲಿತಿರುವುದಿಲ್ಲ. ಬೀಡಿ ಕಟ್ಟಿ, ಅಡಿಕೆ ಸುಲಿದು ಒರಟಾದ ಬೆರಳು ಪರದೆಯನ್ನು ತಾಕುವ ಬದಲು ಒತ್ತಿ ಹಿಡಿಯುತ್ತದೆ, ಆಗ ಬೇರೇನೋ ತೆರೆದುಕೊಳ್ಳುತ್ತದೆ. ತಾಕುವುದಕ್ಕೂ ಒತ್ತುವುದಕ್ಕೂ ಇರುವ ವ್ಯತ್ಯಾಸಕ್ಕೇ ಒಂದು ದಿನ ಮೀಸಲಿಟ್ಟರೂ ಅದು ವ್ಯರ್ಥವಲ್ಲ. ಅನಂತರ ಅಕ್ಷರ ದೊಡ್ಡದಾಗಲಿ, ಫೋನಿನ ಭಾಷೆ ಕನ್ನಡವಾಗಲಿ. ಅಲ್ಲಿಯ ಅನುವಾದದ ಕನ್ನಡ ಹಿರಿಯರನ್ನು ಕೆಲವೆಡೆ ನಗಿಸೀತು. ನಗುತ್ತ ಕಲಿತದ್ದು ನೆನಪಿನಲ್ಲಿ ಉಳಿಯುವುದಾದರೆ ಅದೂ ಲಾಭವೇ.

ಪಾಠವು ಅವರ ಅಗತ್ಯದಿಂದಲೇ ಹೊರಡಬೇಕು. ನಿವೃತ್ತ ಶಿಕ್ಷಕರಿಗೆ ಜೀವನ ಪ್ರಮಾಣಪತ್ರ ಬೇಕು; ಬೆರಳಚ್ಚು ಸವೆದವರು ಮುಖ ತೋರಿಸಿಯೂ ಅದನ್ನು ಸಲ್ಲಿಸಬಹುದು. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದರ್ಥ. ಇದೊಂದನ್ನು ಅವರೇ ಹತ್ತು ರೂಪಾಯಿ ಕಳುಹಿಸಿ, ಹತ್ತು ರೂಪಾಯಿ ಪಡೆದು ಕಾಣಬೇಕು. ವೀಡಿಯೋ ಕರೆಯಲ್ಲಿ ಪೊಲೀಸ್ ವೇಷ ತೊಟ್ಟವನು "ಡಿಜಿಟಲ್ ಅರೆಸ್ಟ್" ಎಂದು ಬೆದರಿಸಿದರೆ, ಅಂತಹ ಬಂಧನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಎಲ್ಲಿಯೂ ಇಲ್ಲವೆಂದು ತಿಳಿದಿರಬೇಕು. ಹಣ ಹೋದೊಡನೆ ಕರೆಯಬೇಕಾದ 1930 ಎಂಬ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ದೊಡ್ಡದಾಗಿ ಬರೆದಿಡುವುದು ಮೊಮ್ಮಕ್ಕಳ ಕೆಲಸ.

ಡಿಜಿಟಲ್ ಸೌಲಭ್ಯವನ್ನು ಬಳಸುವ ಅವಕಾಶವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು ಸರ್ವೋಚ್ಚ ನ್ಯಾಯಾಲಯವು 2025ರ ಏಪ್ರಿಲ್ 30ರಂದು ತೀರ್ಪಿತ್ತಿದೆ. ಆಮ್ಲದಾಳಿಗೆ ತುತ್ತಾದವರೂ ದೃಷ್ಟಿಹೀನರೂ ತಂದ ಮೊಕದ್ದಮೆಗಳವು. ಓದಲಾಗದ ಭಾಷೆಯ ಪರದೆಯ ಮುಂದೆ ಕುಳಿತವರ ಪಾಡೂ ಆ ತೀರ್ಪಿನ ಬೆಳಕಿಗೆ ದೂರವಾದುದಲ್ಲ. ಆಡಳಿತದೊಡನೆ ಕನ್ನಡದಲ್ಲೇ ವ್ಯವಹರಿಸುವ ಅವಕಾಶವನ್ನು ಕೇರಳದ 1969ರ ರಾಜಭಾಷಾ ಶಾಸನವು ಕನ್ನಡ ಅಲ್ಪಸಂಖ್ಯಾತರಿಗೆ ಒಪ್ಪಿಕೊಂಡಿತ್ತು. ಹಿರಿಯರಿಗೆ ಕನ್ನಡದಲ್ಲಿ ಕೈಪಿಡಿಯನ್ನೂ ಕನ್ನಡ ಬಲ್ಲ ತರಬೇತುದಾರರನ್ನೂ ಒದಗಿಸಬೇಕೆಂದು ಶಾಲೆಯ ಹೆತ್ತವರ ಸಂಘವು ಪಂಚಾಯತಿಗೆ ಅರ್ಜಿ ಕೊಡಬಹುದು. ಅರ್ಜಿ ಕನ್ನಡದಲ್ಲಿರಲಿ, ಅಜ್ಜಿಯ ರುಜುವೂ ಅದರಲ್ಲಿರಲಿ.